ಹೂವಿಗೆ ಬೂದಿ, ಹುಳಕ್ಕೆ ಜ್ವರ

ನಮ್ಮ ಚಿಕ್ಕಮ್ಮ ಕಣ್ಣಿಗೆ ಕಂಡದ್ದನ್ನು ನಂಬುವುದಿಲ್ಲ. ಹಾಗೆಂದು ಕಾಣದ್ದನ್ನು ನಂಬುತ್ತಾಳೆ ಅಂದುಕೊಳ್ಳಬೇಡಿ. ಅವಳು ನಂಬುವುದು ತನ್ನ ಬಲಗೈ ಹೆಬ್ಬೆರಳಿಗೆ ಸಿಕ್ಕಿದ್ದನ್ನು ಮಾತ್ರ. ತಳ್ಳುಗಾಡಿಯ ಬದನೆಕಾಯಿ, ಅಂಗಡಿಯ ಸೀರೆ, ಯಾರದೋ ಮನೆಯ ಹೊಸ ಟೀಪಾಯಿ, ಎಲ್ಲದರ ಮೇಲೂ ಆ ಬೆರಳನ್ನು ಒಂದು ಸಲ ನಿಧಾನವಾಗಿ ಎಳೆಯಬೇಕು. ತೀರ್ಪು ಆಮೇಲೆ. ನನಗೆ ಹೆಣ್ಣು ನೋಡಲು ಮಾಗಡಿಯ ಕಡೆ ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಚಿಕ್ಕಮ್ಮ ಬಾಗಿಲ ಚೌಕಟ್ಟನ್ನು ಸವರುತ್ತಿದ್ದಳು. ಹೊರಗೆ ಬಂದವಳೇ, "ಈ ಮನೇರು ಆತುರಗಾರ್ರು ಕಣ್ಲಾ, ಉಜ್ಜೋದ್ರೊಳಗೇ ಬಣ್ಣ ಬಳ್ದವ್ರೆ" ಎಂದಳು. ಸಂಬಂಧ ಮುರಿಯಿತು. ಚೌಕಟ್ಟಿನಿಂದಲ್ಲ, ಹುಡುಗಿಗೆ ನಾನು ಹಿಡಿಸಲಿಲ್ಲ. ಆದರೆ ನಮ್ಮವರ ನಡುವೆ ಇವತ್ತಿಗೂ ಓಡುತ್ತಿರುವುದು ಚೌಕಟ್ಟಿನ ಕಥೆಯೇ. ನಾನೂ ಅದನ್ನು ತಿದ್ದಲು ಹೋಗಿಲ್ಲ. ನೀವಾದರೂ ತಿದ್ದುತ್ತಿದ್ದಿರಾ?

ಈ ಹೆಬ್ಬೆರಳಿಗೆ ಒಂದು ಚರಿತ್ರೆ ಇದೆ. ಚಿಕ್ಕಮ್ಮ ಮೂವತ್ತು ವರ್ಷ ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಲೇತ್ ಮುಂದೆ ಕೂತವಳು. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರೆಂದು ತಿರುಗುತ್ತಿರುತ್ತದೆ, ಇವಳು ಉಳಿ ಹಿಡಿದು ಅದನ್ನು ಕಡೆಯುತ್ತಾಳೆ, ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾಳೆ, ತಾಳೆಗರಿಯಿಂದ ಮೆರುಗು ಕೊಡುತ್ತಾಳೆ. ತಿರುಗುವಾಗ ಎಂಥ ಸೊಟ್ಟ ಮರವೂ ನುಣ್ಣಗೆ, ಗುಂಡಗೆ, ಅಲ್ಲಾಡದೆ ನಿಂತ ಹಾಗೆ ಕಾಣುತ್ತದಂತೆ. "ತಿರುಗೋದೆಲ್ಲ ಗುಂಡಗೇ ಕಾಣ್ತದೆ. ನಿಂತ್ ಮ್ಯಾಲೆ ಬೆಳ್ಳಾಕಿ ನೋಡ್ಬೇಕು" ಎನ್ನುವುದು ಅವಳ ಮಾತು. ಒಂದು ಬುಗುರಿ, ಒಂದು ಗಿಲಕಿ ಅವಳ ಹೆಬ್ಬೆರಳು ಹಾಯದೆ ಬುಟ್ಟಿಗೆ ಬಿದ್ದದ್ದಿಲ್ಲ.

ನೆನಪು ಅನ್ನುವುದೂ ಲೇತಿನ ಮೇಲಿನ ಮರದ ಹಾಗೇ ಇರಬೇಕು ಎಂದು ನನಗೆ ಅನುಮಾನ. ತಲೆಯಲ್ಲಿ ತಿರುಗುತ್ತಿರುವಷ್ಟು ಹೊತ್ತು ಎಲ್ಲ ದುಂಡಗೆ ಇರುತ್ತದೆ. ಬರೆಯಲು ಕೂತು ನಿಲ್ಲಿಸಿ ಮುಟ್ಟಿದರೆ ಅಲ್ಲೊಂದು ಗಂಟು, ಇಲ್ಲೊಂದು ಸೀಳು. ಅದರಲ್ಲೂ ನಾನು ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದುದೇ ಬಿಡದಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಬೆಳಗಿನ ಬಸ್ಸಿನಲ್ಲಿ ಅರ್ಧ ನಿದ್ದೆ ಮಾಡಿಕೊಂಡು. ಹಾಗಾಗಿ ಅವಳ ತೋಟ ನನಗೆ ಯಾವಾಗಲೂ ಕನಸಿನ ಅಂಚಿನಿಂದಲೇ ಶುರುವಾಗುತ್ತದೆ. ಮಂಜು, ಹೂವಿನ ವಾಸನೆ, ಮಂಜಿನೊಳಗೆ ಯಾರೋ ಕೆಮ್ಮಿದ ಸದ್ದು. ಯಾವುದು ನೋಡಿದ್ದು, ಯಾವುದು ನಿದ್ದೆಯಲ್ಲಿ ಸೇರಿಸಿಕೊಂಡದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ.

ತೋಟ ಇರುವುದು ಚನ್ನಪಟ್ಟಣದಿಂದ ವಿರೂಪಾಕ್ಷಿಪುರಕ್ಕೆ ಹೋಗುವ ದಾರಿಯ ಪಕ್ಕದಲ್ಲಿ. ಹದಿನೆಂಟು ಮಾವಿನ ಮರ. ಅವುಗಳಿಗೆ ತಾಗಿದಂತೆ ಚಿಕ್ಕಪ್ಪನ ಹಿಪ್ಪುನೇರಳೆ, ಅಂದರೆ ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪಿನ ಹೊಲ. ನಡುವೆ ಎರಡಡಿ ಅಗಲದ ಒಂದು ಬದು. ಬದುವಿನ ಆಚೆ ಗಂಡನ ರಾಜ್ಯ, ಈಚೆ ಹೆಂಡತಿಯದು. ಮನೆಯೊಳಗೆ ಮಾತ್ರ ಇಬ್ಬರಿಗೂ ಒಂದೇ ಒಲೆ.

ಭುಜ ಹಿಡಿದುಕೊಂಡ ಮೇಲೆ ಚಿಕ್ಕಮ್ಮ ಲೇತ್ ಬಿಟ್ಟಳು. ಅಲ್ಲಿಯವರೆಗೆ ಮಾವಿನ ಮರಗಳು ತಮ್ಮ ಪಾಡಿಗೆ ತಾವು ಸುಖವಾಗಿದ್ದವು. ಸುಖವಾಗಿದ್ದವು ಎಂದರೆ, ಯಾರೂ ನೋಡದೆ ಕಾಯಿಲೆ ಬಿದ್ದಿದ್ದವು. ಎಲೆಯ ಮೇಲೆ ಕಪ್ಪು ಚಿಬ್ಬು. ಚಿಗುರು ಬೆಂಕಿ ತಾಗಿದ ಹಾಗೆ ಮುರುಟಿತ್ತು. ಕೊಂಬೆಗಳು ತುದಿಯಿಂದ ಶುರುವಾಗಿ ಹಿಂದಕ್ಕೆ ಹಿಂದಕ್ಕೆ ಒಣಗುತ್ತ ಬರುತ್ತಿದ್ದವು. ತೋಟಗಾರಿಕೆ ಇಲಾಖೆಯಿಂದ ಬಂದ ಅಧಿಕಾರಿ, ವಯಸ್ಸಿನಲ್ಲಿ ಚಿಕ್ಕವರು, ಊರವರೆಲ್ಲ ಮೇಡಮ್ಮೋರು ಅನ್ನುತ್ತಿದ್ದರು, ಎಲ್ಲವನ್ನೂ ನೋಡಿ ಇವೆಲ್ಲ ಬೂಷ್ಟಿನ ಸಂಬಂಧಿಗಳ ಕೆಲಸ ಎಂದರು. ಹಳೇ ಉಪ್ಪಿನಕಾಯಿಯ ಮೇಲೆ ಬರುತ್ತದಲ್ಲ, ಆ ವಂಶದವು. ಒಣಗಿದ ಕೊಂಬೆಯನ್ನು ಹಸಿರು ಸಿಗುವ ತನಕ, ಇನ್ನೂ ನಾಲ್ಕು ಬೆರಳು ಒಳಗೆ ಹೋಗಿ ಕತ್ತರಿಸಬೇಕು, ಕತ್ತರಿಸಿದ್ದನ್ನು ಸುಡಬೇಕು, ಗಾಯಕ್ಕೆ ಮುಲಾಮು ಹಚ್ಚಬೇಕು ಎಂದು ಹೇಳಿ, ಮುಲಾಮಿನ ಹೆಸರು ಚೀಟಿಯಲ್ಲಿ ಬರೆದುಕೊಟ್ಟು ಹೋದರು.

ಚಿಕ್ಕಮ್ಮ ಕತ್ತರಿಸಿದಳು. ಸುಟ್ಟಳು. ಮುಲಾಮಿನ ಹೊತ್ತಿಗೆ ಯೋಚನೆ ಮಾಡಿದಳು. ಮರಕ್ಕೆ ಹಚ್ಚುವುದನ್ನು ನನಗೆ ಹೇಳಿಕೊಡುವವರು ಯಾರು? ಮೂವತ್ತು ವರ್ಷ ನಾನು ಮಾಡಿದ್ದೇನು? ಪೆಟ್ಟಿಗೆಯಲ್ಲಿ ಉಳಿದಿದ್ದ ಅರಗಿನ ಕಡ್ಡಿಗಳನ್ನು ತೆಗೆದು, ಮೇಣದ ಬತ್ತಿಯಲ್ಲಿ ಕರಗಿಸಿ, ಕತ್ತರಿಸಿದ ಪ್ರತಿಯೊಂದು ಕೊಂಬೆಯ ತುದಿಗೂ ಹಚ್ಚಿದಳು. ಕೆಂಪು, ಹಳದಿ, ಹಸಿರು, ಕಿತ್ತಳೆ. ಮೆರುಗಿಗೆ ತಾಳೆಗರಿಯನ್ನೂ ಉಜ್ಜಿದಳು. ಹದಿನೆಂಟು ಮರಗಳೂ ಮದುವೆಗೆ ಹೊರಟು ಉಗುರಿಗೆ ಬಣ್ಣ ಹಾಕಿಕೊಂಡು ಒಣಗಲಿ ಎಂದು ಕೈ ಚಾಚಿ ನಿಂತ ಹಾಗಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು. ಇಲ್ಲ, ನಿಲ್ಲಲಿಲ್ಲ, ನಿಧಾನವಾಯಿತು. ಹಿಂದಿನ ಸಲ ಈ ಕಥೆ ಹೇಳಿದಾಗ ಪ್ರಯಾಣಿಕರೂ ಇಳಿದಿದ್ದರು.

ಮಳೆಗಾಲ ಕಳೆದ ಮೇಲೆ ಮೇಡಮ್ಮೋರು ಮತ್ತೆ ಬಂದರು. ಒಂದು ಕೆಂಪು ತುದಿಯನ್ನು ಉಗುರಿನಿಂದ ಎಬ್ಬಿಸಿದರು. ಅರಗು ಬಿಲ್ಲೆಯ ಹಾಗೆ ಕಳಚಿಕೊಂಡಿತು, ಒಳಗಿನಿಂದ ಕಪ್ಪು ನೀರು ಒಸರಿತು. ಗಾಳಿಯಾಡದೆ, ತೇವ ಆರದೆ, ಕಾಯಿಲೆ ಆ ಬಣ್ಣದ ಮುಚ್ಚಳದ ಕೆಳಗೆ ನೆಮ್ಮದಿಯಾಗಿ ಸಂಸಾರ ಹೂಡಿತ್ತು. ಮೇಡಮ್ಮೋರು ಗದರಲಿಲ್ಲ. ಅವರ ಊರೂ ಚನ್ನಪಟ್ಟಣವೇ, ಅವರಿಗೂ ಬೊಂಬೆಯ ವಿಷಯ ಗೊತ್ತು. "ಅಮ್ಮ, ಹಸಿ ಮರಕ್ಕೆ ಅರಗು ಹಾಕ್ತೀರಾ ನೀವು?" ಎಂದು ಕೇಳಿದರು, ಅಷ್ಟೇ.

ಬೊಂಬೆ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಮರವನ್ನು ತಿಂಗಳುಗಟ್ಟಲೆ ಒಣಗಿಸದೆ ಅರಗು ಮುಟ್ಟಿಸಬಾರದು. ಹೊಸದಾಗಿ ಕೆಲಸಕ್ಕೆ ಸೇರಿದ ಎಷ್ಟು ಹೆಣ್ಣುಮಕ್ಕಳನ್ನು ಚಿಕ್ಕಮ್ಮ ಇದೊಂದೇ ವಿಷಯಕ್ಕೆ ಅಳಿಸಿದ್ದಾಳೋ! ಅವಳು ಆ ಕಪ್ಪು ನೀರನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಿಂತಿರೋ ಮರಾನೂ ಹಸಿ ಅಂತ ನಂಗೆ ಹೊಳೀಲೇ ಇಲ್ಲ ಕಣ್ರವ್ವ. ನಾನು ಕಂಡಿದ್ದೆಲ್ಲ ಸತ್ತ ಮರಾನೇ."

ಚಿಕ್ಕಪ್ಪ ಬದುವಿನ ಆಚೆ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಆ ದಿನ ಅವನು ನಗಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಮಾರನೆಯ ದಿನದಿಂದ ಒಂದು ವರ್ಷ ನಕ್ಕ.

ಅಲ್ಲಿಂದ ಚಿಕ್ಕಮ್ಮ ಶಾಸ್ತ್ರೋಕ್ತವಾದಳು. ಎಷ್ಟು ಶಾಸ್ತ್ರೋಕ್ತ ಅಂತೀರಿ! ಅವಳಿಗೆ ಹಿಡಿಸಿದ ಔಷಧಿ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತದ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಮೊದಲನೆಯದನ್ನು ಎರಡನೆಯದಕ್ಕೆ ಹೊಯ್ಯಬೇಕೇ ಹೊರತು ಎರಡನೆಯದನ್ನು ಮೊದಲನೆಯದಕ್ಕೆ ಹೊಯ್ಯಬಾರದು. ಈ ನಿಯಮವನ್ನು ಅವಳು ಮನೆಗೆ ಬಂದ ಬೀಗರಿಗೂ ಹೇಳುತ್ತಿದ್ದಳು. ಬೆರೆತಾಗ ಏಳುವ ಬಣ್ಣ ಮಾತ್ರ ನಿಜವಾಗಿಯೂ ನೋಡತಕ್ಕದ್ದು. ಆಕಾಶ ಹಾಲು ಕುಡಿದ ಹಾಗೆ. ಸುಣ್ಣ ಕಡಿಮೆಯಾದರೆ ಅದೇ ಔಷಧಿ ಚಿಗುರನ್ನು ಸುಡುತ್ತದೆ. ಹದ ನೋಡಲು ತೆಳ್ಳನೆಯ ಬಣ್ಣದ ಕಾಗದ ಸಿಗುತ್ತದೆ, ಮೇಡಮ್ಮೋರು ಕೊಟ್ಟೂ ಇದ್ದರು. ಚಿಕ್ಕಮ್ಮ ಅದನ್ನು ಪಂಚಾಂಗದೊಳಗೆ ಇಟ್ಟು, ತನ್ನ ಹಳೆಯ ಉಳಿಯನ್ನು ತಿಕ್ಕಿ ಥಳಥಳ ಮಾಡಿ ದ್ರಾವಣದಲ್ಲಿ ಅದ್ದುತ್ತಿದ್ದಳು. ಉಳಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಹತ್ತದಿದ್ದರೆ ಸರಿ. ಇದು ಹಳೆಯ ಕಾಲದ ಪರೀಕ್ಷೆ, ತಪ್ಪಲ್ಲ. ಆದರೆ ಅವಳು ಒಂದು ಸಲ ಅದ್ದಿ ಬಿಡುವವಳಲ್ಲ. ಅದ್ದಿ, ಎತ್ತಿ, ಹೆಬ್ಬೆರಳು ಎಳೆದು, ಮುಖ ಸಿಂಡರಿಸಿ, ಒಸಿ ಸುಣ್ಣ ಸೇರಿಸಿ, ಮತ್ತೆ ಅದ್ದಿ.

ಬದುವಿನ ಆಚೆಯಿಂದ ಚಿಕ್ಕಪ್ಪನ ಧ್ವನಿ ತೇಲಿ ಬಂತು: "ನೋಡ್ಲಾ ಮಗ, ಸಾರಿಗೆ ಉಪ್ಪು ಎಷ್ಟು ಅಂತ ಒಂದಿನ ರುಚಿ ನೋಡ್ದೋಳಲ್ಲ ಇವ್ಳು. ಮರಕ್ಕೆ ಹುಳಿ ನೋಡ್ತಾವ್ಳೆ."

"ಮರ ತಟ್ಟೆ ತಳ್ಳಿ ಎದ್ದೋಗಲ್ಲ ಅಂತ ಹೇಳು" ಎಂದಳು ಚಿಕ್ಕಮ್ಮ, ಉಳಿಯಿಂದ ಕಣ್ಣೆತ್ತದೆ.

ಆ ವರ್ಷದ ತೋಟ ನನ್ನ ತಲೆಯಲ್ಲಿ ಪೂರ್ತಿ ನೀಲಿ. ಬೆಳಗಿನ ಮಂಜಿನಲ್ಲಿ ಬಸ್ಸಿಳಿದು ಬಂದರೆ ನೀಲಿ ಮರಗಳು, ನೀಲಿ ಎಲೆ, ನೀಲಿ ಬದು, ನೀಲಿ ರವಿಕೆಯ ಚಿಕ್ಕಮ್ಮ, ನೀಲಿ ಪಂಚೆಯ ಚಿಕ್ಕಪ್ಪ. ನಿಲ್ಲಿಸಿ ಮುಟ್ಟಿ ನೋಡಿದರೆ ನೀಲಿ ಇದ್ದದ್ದು ಮರದ ಬುಡಗಳು, ಕೆಲವು ಎಲೆಗಳು ಮತ್ತು ಒಂದು ಪಂಚೆ. ಉಳಿದದ್ದನ್ನು ನಿದ್ದೆ ಬಳಿದಿದೆ. ಆದರೂ ಆ ನೀಲಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಮುಂದಿನ ಸುಗ್ಗಿಗೆ ಚಿಗುರು ಚಿಬ್ಬಿಲ್ಲದೆ ಬಂತು. ಎಳೆ ತಾಮ್ರದ ಬಣ್ಣದ ಎಲೆಗಳನ್ನು ಒಂದೊಂದಾಗಿ ಸವರುತ್ತ ಅವಳು ಮರದಿಂದ ಮರಕ್ಕೆ ಹೋಗುತ್ತಿದ್ದುದನ್ನು ಕಂಡಿದ್ದೇನೆ. ಇದಂತೂ ನಿಜ, ಫೋಟೊ ಇದೆ.

ಇನ್ನು ಗಾಳಿಯ ವಿಷಯ. ರೇಷ್ಮೆ ಹುಳ ಬಹಳ ಸೂಕ್ಷ್ಮದ ಜೀವ. ಸೊಪ್ಪಿನ ಮೇಲೆ ಔಷಧಿಯ ಹನಿ ಬಿದ್ದಿದ್ದರೆ ಅದನ್ನು ತಿಂದ ಹುಳ ಹಸಿರು ಕಕ್ಕಿ ಮಗುಚಿಕೊಳ್ಳುತ್ತದೆ. ಒಂದು ಬೆಳೆ ಅಂದರೆ ಒಂದು ಮನೆ ತುಂಬ ಹುಳ. ಹೀಗಾಗಿ ಚಿಕ್ಕಪ್ಪ ಬದುವಿನ ಮೇಲೆ ಒಂದು ಬಿದಿರು ನೆಟ್ಟು ಅದರ ತುದಿಗೆ ಹಳೇ ಸೀರೆಯ ಚೂರು ಕಟ್ಟಿದ್ದ. ಆ ಚೂರು ಮಾವಿನ ಕಡೆಗೆ ಹಾರುತ್ತಿದ್ದರೆ ಚಿಕ್ಕಮ್ಮ ಔಷಧಿ ಹೊಡೆಯುವ ಪಂಪು ಹೊರಬಹುದು. ಹಿಪ್ಪುನೇರಳೆಯ ಕಡೆಗೆ ತಿರುಗಿದರೆ ಇಳಿಸಬೇಕು. ಬೇರೆ ಗಂಡ ಹೆಂಡಿರು ಎದ್ದ ಕೂಡಲೇ ಕಾಫಿ ಆಯ್ತಾ ಎಂದು ಕೇಳಿಕೊಳ್ಳುತ್ತಾರೆ. ಇವರು "ಗಾಳಿ ಎತ್ತಗೈತೆ?" ಎಂದು ಕೇಳಿಕೊಳ್ಳುತ್ತಿದ್ದರು.

ಚಿಕ್ಕಪ್ಪನ ಸೊಪ್ಪಿಗೂ ಚಳಿಗಾಲದಲ್ಲಿ ಎಲೆಯ ಅಡಿಗೆ ಬಿಳಿ ಬೂದಿಯಂಥ ಬೂಷ್ಟು ಬರುತ್ತಿತ್ತು. ಅದು ಮಾವಿನ ಹೂವಿನ ಬೂದಿಯೇ ಬದು ಹಾರಿ ಬಂದದ್ದು ಎಂದು ಅವನ ದೂರು. ಮೇಡಮ್ಮೋರು ಬಂದು ಎರಡೂ ಬೇರೆ ಬೇರೆ ಜಾತಿ, ಈ ಬೂದಿ ಆ ಮನೆಯಲ್ಲಿ ಉಣ್ಣುವುದಿಲ್ಲ ಎಂದು ತೀರ್ಪು ಕೊಟ್ಟರು. ಚಿಕ್ಕಪ್ಪ ಅವರೆದುರು ತಲೆಯಾಡಿಸಿ, ಅವರ ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ, "ಹೆಣ್ಣೆಂಗಸ್ರು ಎಲ್ಲಾ ಒಂದೇ ಪಾರ್ಟಿ" ಎಂದ.

ಇಷ್ಟೆಲ್ಲ ಹಾಸ್ಯವಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಆ ಒಂದು ಜನವರಿಯವರೆಗೆ.

ಆ ಸಲ ಮಂಜು ಬಿದ್ದದ್ದು ಬಿದ್ದ ಹಾಗೆಯೇ ಇತ್ತು. ಎಷ್ಟು ದಿನ ಎಂದು ಕೇಳಬೇಡಿ, ನನ್ನ ಲೆಕ್ಕದಲ್ಲಿ ಇಡೀ ತಿಂಗಳು, ಚಿಕ್ಕಮ್ಮನ ಲೆಕ್ಕದಲ್ಲಿ ಒಂಬತ್ತು ದಿನ. ಮಾವು ಹೂ ಬಿಡಲು ಶುರು ಮಾಡಿತ್ತು. ಹದಿನೆಂಟು ಮರಗಳೂ ಹಿಂದೆಂದೂ ಕಾಣದಷ್ಟು ಗೊಂಚಲು ಎತ್ತಿದ್ದವು. ಒಂದು ಬುಧವಾರ ಬೆಳಗ್ಗೆ ಚಿಕ್ಕಮ್ಮ ಗೊಂಚಲಿನ ತೊಟ್ಟಿನ ಮೇಲೆ ಬೆರಳಾಡಿಸಿದಳು. ಕಣ್ಣಿಗೆ ಏನೂ ಇಲ್ಲ. ಬೆರಳಿಗೆ ಮಾತ್ರ ಬೇಬಿ ಪೌಡರು ಸವರಿದ ಹಾಗೆ ಒಂದು ನವಿರು. ನುಣುಪು ಅಂದರೆ ಪ್ರಾಣ ಬಿಡುವ ಆ ಹೆಬ್ಬೆರಳು ಜೀವಮಾನದಲ್ಲಿ ಮೊದಲ ಸಲ ನುಣುಪಿಗೆ ಹೆದರಿತು. ಮಾರನೆಯ ದಿನ ಅದು ಕಣ್ಣಿಗೂ ಕಂಡಿತು. ಬೂದಿ ರೋಗ. ಈ ಬೂದಿ ಕೂತರೆ ಹೂವು ಕಂದುತ್ತದೆ, ಉದುರುತ್ತದೆ, ಮರದಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಮದ್ದು ನೀರಿಗೆ ಬೆರೆಸುವ ಗಂಧಕದ ಪುಡಿ. ಹೂವು ಪೂರ್ತಿ ಅರಳುವುದರೊಳಗೆ ಹೊಡೆಯಬೇಕು, ಅರಳಿದ ಮೇಲೆ ಹೊಡೆದರೆ ಜೇನಿಗೂ ಕೆಡುಕು, ಹೂವಿಗೂ ಕೆಡುಕು. ಅಂದರೆ ಕೈಯಲ್ಲಿದ್ದದ್ದು ನಾಲ್ಕೈದು ದಿನ.

ಬದುವಿನ ಆಚೆ ಅದೇ ಬುಧವಾರ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಪೊರೆ ಬಿಡುವ ಮುಂಚೆ ಹುಳ ತಿನ್ನುವುದು ನಿಲ್ಲಿಸಿ, ತಲೆಯೆತ್ತಿಕೊಂಡು, ಏನೋ ಯೋಚಿಸುವವರ ಹಾಗೆ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕೊನೆಯ ಜ್ವರ. ಅಲ್ಲಿಂದ ಒಂದು ವಾರ ಹುಳ ಹಸಿದ ರಾಕ್ಷಸ, ತಂದು ಸುರಿದಷ್ಟೂ ಸೊಪ್ಪು ಬೇಕು. ಆಮೇಲೆ ಗೂಡು. ಸೊಪ್ಪಿಗೆ ಗಂಧಕ ತಾಗಿದರೆ ವಾರಗಟ್ಟಲೆ ಅದನ್ನು ಮುಟ್ಟುವಂತಿಲ್ಲ. ಅಂದರೆ ಅವನ ಕೈಯಲ್ಲೂ ಇದ್ದದ್ದು ಅದೇ ದಿನಗಳು.

ಹೊಡೆಯದಿದ್ದರೆ ಹೂವು ಹೋಯಿತು, ಹೊಡೆದರೆ ಹುಳ ಹೋಯಿತು. ಇಬ್ಬರು ಹೇಳುವುದೂ ನಿಜ. ಜಗಳಕ್ಕೆ ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿದೆಯೇ? ಒಬ್ಬರು ತಪ್ಪಿದ್ದರೆ ಕ್ಷಮಿಸಿಯಾದರೂ ಮುಗಿಸಬಹುದು. ಬಿದಿರಿನ ಮೇಲಿನ ಸೀರೆ ಚೂರು ಮಂಜಿಗೆ ನೆನೆದು ಜೋತುಬಿದ್ದಿತ್ತು. ಗಾಳಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಹೀಗೆ ಗಾಳಿಯೇ ಇಲ್ಲದಿದ್ದರೆ ಹನಿ ಮಂಜಿನ ಜೊತೆ ಎತ್ತ ತೇಲುತ್ತದೋ ಹೇಳಲಾಗದು ಎಂದು ಚಿಕ್ಕಪ್ಪ. ತೇಲುವುದನ್ನು ನೀನು ಕಂಡೆಯಾ ಎಂದು ಚಿಕ್ಕಮ್ಮ. ಮಾತು ಬೆಳೆಯಿತು. ಎಷ್ಟು ಬೆಳೆಯಿತೆಂದರೆ ಅರಗಿನ ಕಥೆ ಮತ್ತೆ ಹೊರಗೆ ಬಂತು. "ಸತ್ತ ಮರ ಕಡೆಯೋಳಿಗೆ ಜೀವದ್ ಬೆಲೆ ಏನ್ ಗೊತ್ತು" ಎಂದುಬಿಟ್ಟ ಚಿಕ್ಕಪ್ಪ. ಅಂದ ಕ್ಷಣವೇ ಅವನಿಗೆ ಅದು ಅತಿಯಾಯಿತು ಅನ್ನಿಸಿರಬೇಕು, ಯಾಕೆಂದರೆ ಅದನ್ನು ಮುಚ್ಚಲು ಇನ್ನೂ ದೊಡ್ಡ ತಪ್ಪು ಮಾಡಿದ. ಚಿಕ್ಕಮ್ಮನ ಪಂಪಿನ ನಾಜಲ್, ಅಂದರೆ ಹನಿ ಚಿಮ್ಮುವ ಮೂತಿಯನ್ನೇ, ಬಿಚ್ಚಿಕೊಂಡು ಹೋಗಿ ಹುಳದ ಮನೆಯೊಳಗೆ ಇಟ್ಟ.

ಹುಳದ ಮನೆ ಅಂದರೆ ಸೊಳ್ಳೆ ಪರದೆ ಕಟ್ಟಿದ, ತಗಡು ಹೊದಿಸಿದ ಉದ್ದನೆಯ ಕೋಣೆ. ಅಲ್ಲಿಗೆ ಚಿಕ್ಕಪ್ಪನದೇ ಕಾನೂನು. ತೋಟದಿಂದ ಬಂದವರು, ಔಷಧಿ ಮುಟ್ಟಿದವರು, ಬೂದಿ ಮುಟ್ಟಿದವರು ಯಾರೇ ಆಗಲಿ, ತಲೆಗೆ ನೀರು ಹಾಕಿಕೊಂಡು ಬಟ್ಟೆ ಬದಲಾಯಿಸದೆ ಹೊಸಿಲು ದಾಟುವಂತಿಲ್ಲ. ಮೇಡಮ್ಮೋರನ್ನೂ ಹೊರಗೇ ನಿಲ್ಲಿಸಿದ್ದ. ನಾಜಲ್ ಬೇಕಾದರೆ ಚಿಕ್ಕಮ್ಮ ಸ್ನಾನ ಮಾಡಿ, ಮಡಿಯುಟ್ಟು, ಹೋಗಿ ತೆಗೆದುಕೊಳ್ಳಬೇಕು. ಅವಳು ಹೋಗಲಿಲ್ಲ. ಕೇಳಲೂ ಇಲ್ಲ. ಮಾತೇ ನಿಲ್ಲಿಸಿಬಿಟ್ಟಳು.

ಭಾನುವಾರ ನನ್ನ ವಾರದ ರಜ. ಬಸ್ಸಿಳಿದು ಬಂದರೆ ಮಂಜಿನಲ್ಲಿ ಮಳೆಯ ಸದ್ದು. ಜನವರಿಯಲ್ಲಿ ಮಳೆಯೇ ಎಂದು ಕೈ ಚಾಚಿದೆ, ಹನಿ ಬೀಳಲಿಲ್ಲ. ಅದು ಹುಳದ ಮನೆಯಿಂದ ಬರುತ್ತಿದ್ದ ಸದ್ದು, ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯುವುದು. ಅಂಗಳದಲ್ಲಿ ಚಿಕ್ಕಮ್ಮ ನಾಜಲಿಲ್ಲದ ಪಂಪನ್ನು ಪಕ್ಕಕ್ಕಿಟ್ಟುಕೊಂಡು ಮಾವಿನ ಕಡೆ ಮುಖ ಮಾಡಿ ಕೂತಿದ್ದಳು. ಜಗಲಿಯ ಮೇಲೆ ಚಿಕ್ಕಪ್ಪ ಹಿಪ್ಪುನೇರಳೆಯ ಕಡೆ ಮುಖ ಮಾಡಿ ಕೂತಿದ್ದ. ನಡುವೆ ಒಂದು ಮಾರು ದೂರ, ಮೂರು ದಿನದ ಮೌನ. ನಾನು ಹೆಗಲ ಚೀಲ ಇಳಿಸುವ ಮುಂಚೆಯೇ ಅಂಚೆಯವನಾದೆ. ತಿಂಡಿಗೆ ಏನು ಮಾಡಲಿ ಎಂದು ನಿಮ್ಮ ಚಿಕ್ಕಪ್ಪನ್ನ ಕೇಳು ಎಂದಳು. ಏನಾದರೂ ಆಗುತ್ತದೆ ಎಂದು ನಿಮ್ಮ ಚಿಕ್ಕಮ್ಮನಿಗೆ ಹೇಳು ಎಂದ. ಇಬ್ಬರ ಮಾತೂ ಇಬ್ಬರಿಗೂ ನೇರವಾಗಿ ಕೇಳಿಸುತ್ತಿತ್ತು. ಆದರೂ ನಾನು ಆ ಒಂದು ಮಾರನ್ನು ನಡೆದು ನಡೆದು ಒಪ್ಪಿಸಿದೆ. ಕಾರ್ಖಾನೆಯಲ್ಲಿ ಇದಕ್ಕಿಂತ ಅರ್ಥವಿಲ್ಲದ ಕೆಲಸಗಳನ್ನು ಮಾಡಿದ್ದೇನೆ.

ಉಪ್ಪಿಟ್ಟು ತಿಂದ ಮೇಲೆ ಚಿಕ್ಕಮ್ಮ ಎದ್ದು ಬದುವಿಗೆ ಹೋದಳು. ಬದುವಿನಿಂದ ಮಾವಿನ ಮೊದಲ ಸಾಲಿಗೆ ಹೆಜ್ಜೆ ಎಣಿಸಿದಳು. ಎರಡನೇ ಸಾಲಿಗೆ ಎಣಿಸಿದಳು. ಬದುವಿಗೆ ಅಂಟಿಕೊಂಡು ಎರಡು ಮರಗಳಿವೆ, ಮಿಕ್ಕ ಹದಿನಾರೂ ದೂರ, ಇಳಿಜಾರಿನಲ್ಲಿ. ಆ ಎರಡೇ ತೋಟಕ್ಕೆಲ್ಲ ಹೆಚ್ಚು ಕಾಯಿ ಬಿಡುವ ಮರಗಳು. ಅವುಗಳ ಬುಡದಲ್ಲಿ ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ಎಷ್ಟು ಹೊತ್ತು? ನನ್ನ ಕಣ್ಣು ಎಳೆಯುತ್ತಿತ್ತು, ಗೊತ್ತಿಲ್ಲ. ವಾಪಸು ಬಂದು, "ಬದುವಿನ ಮರ ಎರ್ಡೂ ಬುಟ್ಬುಟ್ಟೆ ಅಂತ ಹೇಳು. ಅವ್ಕೆ ಹೊಡ್ಯಲ್ಲ" ಎಂದಳು.

ನಾನು ಹೋಗಿ ಹೇಳಬೇಕಾಗಲಿಲ್ಲ. ಚಿಕ್ಕಪ್ಪ ಎದ್ದು ಹುಳದ ಮನೆಗೆ ಹೋಗಿ ನಾಜಲ್ ತಂದು ನನ್ನ ಕೈಗೆ ಕೊಟ್ಟ. ಅದನ್ನು ತೊಳೆದಿಟ್ಟಿದ್ದ. ಏಣಿ ಕೊಟ್ಟಿಗೆಯ ಹಿಂದೆ ಇದೆ ಎಂದಷ್ಟೇ ಹೇಳಿದ.

ಹದಿನಾರು ಮರಕ್ಕೂ ಗಂಧಕ ಹೊಡೆದೆವು. ನಾನು ನೀರು ಹೊತ್ತೆ, ಅವಳು ಬದುವಿಗೆ ಬೆನ್ನು ಮಾಡಿ, ನಾಜಲನ್ನು ಇಳಿಜಾರಿನ ಕಡೆಗೇ ತಿರುಗಿಸಿಕೊಂಡು ಹೊಡೆದಳು. ಮುಗಿಸಿ, ಕೈ ತೊಳೆದು, ಮನೆಗೆ ಹೋಗುತ್ತಾಳೆ ಅಂದುಕೊಂಡರೆ ಏಣಿಯನ್ನು ಬದುವಿನ ಮರಕ್ಕೆ ಒರಗಿಸಿದಳು. ಹತ್ತಿ, ಗೊಂಚಲು ಗೊಂಚಲನ್ನೂ ಹೆಬ್ಬೆರಳಿನಿಂದ ಸವರುತ್ತ, ಬೂದಿ ಸಿಕ್ಕಿದ್ದನ್ನು ಮಾತ್ರ ಮೆಲ್ಲಗೆ ಚಿವುಟಿ ತೆಗೆಯತೊಡಗಿದಳು. ಅಲುಗಿಸಿದರೆ ಬೂದಿ ಪಕ್ಕದ ಹೂವಿಗೆ ಹಾರುತ್ತದೆ, ಅದಕ್ಕೇ ಉಸಿರನ್ನೂ ಹಿಡಿದುಕೊಂಡ ಹಾಗೆ. ಔಷಧಿ ಇಲ್ಲದೆ ಉಳಿದಿದ್ದ ದಾರಿ ಅದೊಂದೇ. ಒಂದು ಮರದಲ್ಲಿ ನೂರಾರು ಗೊಂಚಲು. ಕೆಳಗೆ ಚೀಲ ಹಿಡಿದು ನಿಂತ ನನಗೆ ಮೇಲೆ ಅವಳ ಪಾದ ಮಾತ್ರ ಕಾಣುತ್ತಿತ್ತು, ಮಿಕ್ಕದ್ದೆಲ್ಲ ಮಂಜು ಮತ್ತು ಹೂವು. ಪಾದಗಳು ಒಂದು ಮೆಟ್ಟಿಲು ಏರುತ್ತಿದ್ದವು, ನಿಲ್ಲುತ್ತಿದ್ದವು. ಜಗತ್ತಿನಲ್ಲಿ ಬೇರೇನೂ ನಡೆಯುತ್ತಿರಲಿಲ್ಲ.

ಏಣಿ ಅಲುಗಿತು. ಅಲುಗಿದ್ದು ನಿಂತಿತು. ನೋಡಿದರೆ ಚಿಕ್ಕಪ್ಪ ಬದು ದಾಟಿ ಬಂದು ಏಣಿಯ ಕಾಲು ಹಿಡಿದು ನಿಂತಿದ್ದ. ಬೂದಿ ಅವನ ತಲೆಯ ಮೇಲೆ ಉದುರುತ್ತಿತ್ತು. ನನ್ನ ಕೈಯ ಚೀಲವನ್ನು ತಾನೇ ತೆಗೆದುಕೊಂಡು, ಹೋಗಿ ಬಚ್ಚಲ ಒಲೆಗೆ ಉರಿ ಹಾಕು ಎಂದ.

ಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು. ಹನ್ನೊಂದಕ್ಕೆ ಚಿಕ್ಕಪ್ಪ ಏಣಿ ಬಿಟ್ಟು ಹೋಗಿ, ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಾಯಿಸಿ ಸೊಪ್ಪು ಹಾಕಿದ. ಹಾಕಿ, ಮತ್ತೆ ಬದು ದಾಟಿ ಬಂದು ಬೂದಿಯ ಕೆಳಗೆ ನಿಂತ. ಮೂರಕ್ಕೆ ಮತ್ತೆ ಸ್ನಾನ, ಸೊಪ್ಪು, ಮತ್ತೆ ಏಣಿ. ಕಿತ್ತ ಗೊಂಚಲನ್ನು ಸುಡಬೇಕಲ್ಲ, ನಾನು ಬಚ್ಚಲ ಒಲೆಗೇ ತುಂಬಿದೆ. ಹಸಿ ಹೂವು ಉರಿಯಲಿಲ್ಲ, ಹೊಗೆಯಾಯಿತು. ಮಾವಿನ ಹೂವಿನ ಹೊಗೆಗೆ ಎಂಥ ವಾಸನೆ ಇದೆ ಎಂದು ಬರೆಯಲು ಮೂರು ಸಲ ಪ್ರಯತ್ನಿಸಿ ಹೊಡೆದುಹಾಕಿದ್ದೇನೆ. ಇಡೀ ಮನೆ ಅದರಲ್ಲಿ ತೇಲುತ್ತಿತ್ತು, ಅಷ್ಟೇ ಹೇಳಬಲ್ಲೆ.

ಆ ಎರಡು ಮರ ಆ ವರ್ಷ ಕಾಯಿ ಬಿಟ್ಟವೇ? ಕೊಂಬೆ ಮುರಿಯುವಷ್ಟು ಬಿಟ್ಟವು ಎಂದು ಬರೆದರೆ ನಿಮಗೆ ಖುಷಿಯಾಗುತ್ತದೆ. ಒಂದು ಮರದಲ್ಲಿ ಸುಮಾರಾಗಿ ಬಿಟ್ಟಿತು. ಇನ್ನೊಂದರಲ್ಲಿ ಒಂದು ಬುಟ್ಟಿಯೂ ಆಗಲಿಲ್ಲ. ಹುಳ ಗೂಡು ಕಟ್ಟಿತು.

ಸಂಜೆ ಆರರ ಹೊತ್ತಿಗೆ ಮಂಜು ಮತ್ತೆ ಇಳಿಯಿತು. ಚಿಕ್ಕಪ್ಪ, ಬೆಳಗಿನದೂ ಸೇರಿ, ಆ ದಿನದ ನಾಲ್ಕನೇ ಸ್ನಾನ ಮುಗಿಸಿ, ಮಡಿ ಪಂಚೆಯುಟ್ಟು, ಹುಳದ ಮನೆಯ ಕಡೆ ಹೊರಟಿದ್ದ. ಐವತ್ತೆಂಟು ವರ್ಷದ ಮನುಷ್ಯ, ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು, ಕೂದಲಿನಿಂದ ನೀರು ಬೆನ್ನಿಗೆ ಇಳಿಯುತ್ತಿತ್ತು. ಚಿಕ್ಕಮ್ಮ ಎರಡನೇ ಮರವನ್ನೂ ಮುಗಿಸಿ ಆಗಷ್ಟೇ ಅಂಗಳಕ್ಕೆ ಬಂದಿದ್ದಳು. ಮೈ, ಮುಖ, ರೆಪ್ಪೆ ಎಲ್ಲ ಬೂದಿ. ಅವನನ್ನು ನೋಡಿ ನಿಂತಳು.

"ತಲೆ ಒರ್ಸ್ಕೊಬಾರ್ದಾ" ಎಂದಳು. ಮೂರು ದಿನದಲ್ಲಿ ಅವನಿಗೆ ಅವಳು ಆಡಿದ ಮೊದಲ ಮಾತು.

ಅಂದವಳು ಸೆರಗನ್ನು ಎಳೆದುಕೊಂಡು ತಾನೇ ಅವನ ತಲೆ ಒರೆಸತೊಡಗಿದಳು. ಬೆಳಗಿನಿಂದ ಬೂದಿ ಹಿಡಿದಿದ್ದ ಸೆರಗು. ಅದು ಅವಳಿಗೆ ಹೊಳೆದಿರಲಿಲ್ಲ. ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಹೆಜ್ಜೆ ದೂರದಲ್ಲಿ ಅವನ ಹೊಸಿಲು, ಒಳಗೆ ಹಸಿದ ಹುಳ. ಅವನು ಅವಳ ಕೈಗೆ ಎಟಕಲಿ ಎಂದು ತಲೆ ಬಗ್ಗಿಸಿಕೊಂಡು ನಿಂತ. ಅವಳು ಕಿವಿಯ ಹಿಂದೆಲ್ಲ ಒರೆಸಿ ಮುಗಿಸುವ ತನಕ ನಿಂತೇ ಇದ್ದ.

ಆಮೇಲೆ ಅವಳು ಅಡುಗೆ ಮನೆಗೆ ಹೋದಳು. ಅವನು ಅವಳು ಒಳಗೆ ಹೋಗುವುದನ್ನೇ ಕಾದಿದ್ದು, ಸದ್ದಿಲ್ಲದೆ ಬಚ್ಚಲ ಕಡೆ ತಿರುಗಿದ.

ನಾನು ಒಲೆಗೆ ಇನ್ನೆರಡು ಸೌದೆ ಇಟ್ಟೆ.